ಎರಡನೇ ಭಾಗದಲ್ಲಿ ಅವಳು ಕೇಳಿದ್ದು

ಮಾವಳ್ಳಿ
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಮಗಳೇ ಸುಶ್ಮಿತಾ,

ಹೇಗಿದ್ದೀಯೇ? ಹಡಗಿನಲ್ಲಿ ವಾಂತಿ ನಿಂತಿತೇ? ಮೀನುಗಾರರ ಮನೆಯ ಹುಡುಗಿಗೆ ಸಮುದ್ರ ಆಗಿಬರುವುದಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ಅದಕ್ಕೇ ಇಲ್ಲಿ ಒಬ್ಬರಿಗೂ ಹೇಳಿಲ್ಲ. ಹಡಗು ಹೊರಟ ಮೇಲೆ ನಿಮ್ಮ ನೌಕಾಪಡೆಯವರು ಫೋನ್ ಮುಟ್ಟಲು ಬಿಡುವುದಿಲ್ಲ ಎಂದಿದ್ದೆಯಲ್ಲ. ವಿಶಾಖಪಟ್ಟಣಕ್ಕೆ ವಾಪಸಾದಾಗ ಈ ಕಾಗದವಾದರೂ ಕೈಗೆ ಸಿಗಲಿ. ನಾನು ಆರಾಮು. ಶಾಲೆಯ ಬಿಸಿಯೂಟಕ್ಕೆ ದೊಡ್ಡ ಕುಕ್ಕರ್ ಬಂದಿದೆ, ಬೆನ್ನಿಗೆ ಸ್ವಲ್ಪ ಸುಖ. ಅಜ್ಜಿಗೆ ಮಂಡಿನೋವು ಇದ್ದದ್ದೇ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಹೋದ ಸಲ ರಜೆಗೆ ಬಂದಾಗ ನನ್ನನ್ನು ಎಳೆದುಕೊಂಡು ಹೋಗಿ ಆ ಮುಖವಾಡದವನ ಸಿನಿಮಾ ತೋರಿಸಿದ್ದೆ. ಹೊರಡುವಾಗ, "ಎರಡ್ನೇ ಭಾಗ ಬಂದ್ರೆ ನೋಡ್ಕಂಡು ಹೇಳು ಅಮ್ಮ, ಅವ್ಳು ಅವ್ನ ಒಪ್ತಾಳಾ ಇಲ್ವಾ, ಅಷ್ಟ್ ಹೇಳಿದ್ರೆ ಸಾಕು" ಅಂದಿದ್ದೆ. ನಿನ್ನೆ ಶನಿವಾರ ಕುಮಟಾಕ್ಕೆ ಹೋಗಿ ನೋಡಿ ಬಂದೆ. ಬಸ್ಸಿಗೆ ಹೋಗುವುದೆಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜಿ ರಸ್ತೆಯಲ್ಲಿ ಹೋಗುತ್ತಿದ್ದ ಐಸ್ ಟೆಂಪೋ ನಿಲ್ಲಿಸಿ, "ಮಾಬ್ಲ, ಕುಮಟಾ ಬದಿಗೆ ಹೋಗ್ತ್ಯಾ? ಹಂಗಾರೆ ನಾವೂ ಬತ್ತೊ, ನೀನೂ ಸಿನಿಮಾ ನೋಡು" ಎಂದುಬಿಟ್ಟಳು. ನಮ್ಮ ಮಾಬ್ಲ ಗೊತ್ತಲ್ಲ, ನಿನ್ನನ್ನು ದಿನಾ ಹೈಸ್ಕೂಲಿಗೆ ಬಿಡುತ್ತಿದ್ದವನು, ತಂಗಿಯರ ಮದುವೆ ಮಾಡಿಸುತ್ತಾ ತಾನು ಹಾಗೇ ಉಳಿದವನು. ನೀನು ನೌಕರಿಗೆ ಸೇರಿದ ಮೇಲೆ ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ. ಯಾಕೆಂದು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಜ್ಜಿಯ ಮಾತಿಗೆ ಇಲ್ಲ ಎನ್ನಲಾರದೆ ಬಂದ. ನಿನ್ನ ಅಪ್ಪನನ್ನು ಸಮುದ್ರ ತೆಗೆದುಕೊಂಡ ಮೇಲೆ ಅತ್ತೆ ಸೊಸೆ ಒಟ್ಟಿಗೆ ಟಾಕೀಸು ಹತ್ತಿದ್ದು ಇದೇ ಮೊದಲು.

ಸಿನಿಮಾ ಚೆನ್ನಾಗಿದೆ. ಹೊಡೆದಾಟ ಹೆಚ್ಚು, ಅಜ್ಜಿ ಅದರಲ್ಲೆಲ್ಲ ನಿದ್ದೆ ಮಾಡಿದಳು. ಮೊದಲ ಭಾಗದಲ್ಲಿ ಅವನು ತಾನು ಪ್ರೀತಿಸಿದ ಹುಡುಗಿಗೆ, ನನ್ನ ಜೊತೆ ಇದ್ದರೆ ವೈರಿಗಳು ನಿನ್ನನ್ನು ಬಿಡುವುದಿಲ್ಲ ಎಂದು ಹೇಳಿ ಹೊರಟು ಹೋಗಿದ್ದನಲ್ಲ. ಈ ಸಲ ಅವಳದ್ದು ಸ್ವಂತ ಟೇಲರಿಂಗ್ ಅಂಗಡಿ. ಅವನು ಎದುರಿನ ಮಾಳಿಗೆಯ ಮೇಲೆ ಕೂತು ದೂರದಿಂದಲೇ ಅವಳನ್ನು ಕಾಯುತ್ತಾನೆ, ಹತ್ತಿರ ಮಾತ್ರ ಬರುವುದಿಲ್ಲ. ಒಂದು ದಿನ ಅವಳಿರುವ ಬಸ್ಸು ಸೇತುವೆಯ ಮೇಲೆ ಹೋಗುವಾಗ ಸೇತುವೆ ಕುಸಿಯುತ್ತದೆ. ಅವನು ಬಂದು ಸೇತುವೆಯನ್ನೇ ಭುಜದ ಮೇಲೆ ಎತ್ತಿ ಹಿಡಿಯುತ್ತಾನೆ. ಎಲ್ಲರೂ ಬದುಕುತ್ತಾರೆ. ಮತ್ತೆ ಸದ್ದಿಲ್ಲದೆ ಹೊರಟವನನ್ನು ಅವಳು ತಡೆದು, ಅಷ್ಟು ಜನರೆದುರು ಮುಖವಾಡ ಕಿತ್ತು, "ನನ್ನ ಒಳ್ಳೆಯದಕ್ಕೆ ಬಿಟ್ಟು ಹೋದೆ ಅನ್ನುತ್ತೀಯ. ನನ್ನನ್ನು ಒಂದು ಮಾತು ಕೇಳಿದೆಯಾ?" ಎನ್ನುತ್ತಾಳೆ. ಆಗಲೇ ಎಚ್ಚರಾದ ಅಜ್ಜಿ, "ಸಮಾ ಕೇಳ್ದೆ, ಮಗಾ" ಎಂದು ಗಟ್ಟಿಯಾಗಿ ಅಂದಳು. ಸುತ್ತಲಿನವರೆಲ್ಲ ನಕ್ಕರು. ಮಾಬ್ಲ ನಗಲಿಲ್ಲ, ತಲೆ ತಗ್ಗಿಸಿ ಕೂತಿದ್ದ.

ನಿನ್ನ ಪ್ರಶ್ನೆಗೆ ಉತ್ತರ: ಒಪ್ಪುತ್ತಾಳೆ. ಬೇಕಾದಷ್ಟು ಊರು ಕಾಪಾಡಿಕೊ, ಊಟದ ಹೊತ್ತಿಗೆ ಮನೆಗೆ ಬಂದರೆ ಆಯಿತು ಅನ್ನುತ್ತಾಳೆ. ನನಗೆ ಹಿಡಿಸಿತು.

ಬಿಸಿಲಲ್ಲಿ ಟೋಪಿ ಹಾಕಿಕೊ, ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆ ಎಂದು ತಿಳಿ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಪ್ರೀತಿ.

ನಿನ್ನ ಅಮ್ಮ,
ಭಾರತಿ

ತಾ.ಕ.: ಪೋಸ್ಟಿಗೆ ಹಾಕುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ. ವಾಪಸು ಬರುವಾಗ ಹೊನ್ನಾವರ ದಾಟಿದ ಮೇಲೆ ಮಾಬ್ಲ ಟೆಂಪೋ ಬದಿಗೆ ನಿಲ್ಲಿಸಿದ. "ಭಾರತೀ, ನಾನೂ ನಿನ್ನ ಕೇಳ್ಲೇ ಇಲ್ಲ. ಜನ ಆಡ್ಕಂತ್ರು, ನಿಂಗೆ ತ್ರಾಸು ಅಂದೇಳಿ ಮನೆ ಬದಿಗೆ ಬರುದೇ ಬಿಟ್ಟೆ. ಈಗ ಕೇಳ್ತೆ. ನನ್ನ ಮದ್ವೆ ಆಗ್ತ್ಯಾ?" ಎಂದ. ನಮ್ಮಿಬ್ಬರ ನಡುವೆ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಮಗನ ಹೆಂಡತಿ ನಾನು, ಎಂತ ಹೇಳಲಿ? ಅಜ್ಜಿ ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದು, "ಮನಸ್ಸಿದ್ರೆ ಹೂಂ ಅನ್ನೇ. ಮಗ ಹೋದ, ನೀ ನನ್ನ ಬಿಟ್ಟು ಹೋಗ್ಲಿಲ್ಲ. ಇನ್ನು ಮುಂದೂ ನಾ ನಿಮ್ಮ ಸಂಗಡವೇ ಇರ್ತೆ, ಅದೊಂದ್ ಮಾತು" ಅಂದಳು. ಮಾಬ್ಲ, "ಆತು" ಎಂದ. ನಾನೂ ಹೂಂ ಎಂದೆ.

ಆದರೆ ನಿನ್ನನ್ನು ಕೇಳದೆ ಮುಂದುವರಿಯುವುದಿಲ್ಲ. ಮನಸ್ಸಿಗೆ ಕಷ್ಟವಾದರೆ ಮುಚ್ಚಿಡದೆ ಹೇಳು, ಕೂತು ಮಾತಾಡೋಣ. ಕಷ್ಟವಿಲ್ಲದಿದ್ದರೆ ರಜೆ ಯಾವಾಗ ಎಂದು ತಿಳಿಸು. ಮದುವೆ ನೋಂದಣಿಗೆ ಸಾಕ್ಷಿ ಬೇಕಂತೆ. ನನ್ನ ಕಡೆಯಿಂದ ನೀನೇ ನಿಲ್ಲಬೇಕು ಮಗಾ.