ಅಮ್ಮ ಕೂರುವ ಮೂಲೆ

ತಮ್ಮಾ,

ಕಿವಿ ಡಾಕ್ಟರಿಗೆ ಫೋನ್ ಮಾಡಿ, ನಾಳೆ ಬರಲ್ಲ ಅಂತ ಹೇಳು. ಅಮ್ಮನ ಕಿವಿಗೆ ಏನೂ ಆಗಿಲ್ಲ. ಸದ್ಯ, ಬದುಕಿದೆವು!

ತಪ್ಪೆಲ್ಲ ನೀನು ಮಾಡಿದ ಸ್ಪೀಕರಿನದು. ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರಿನಿಂದ ಚಿಕ್ಕದಕ್ಕೆ ದನಿ ದಾಟಿಸುವ ಕ್ರಾಸ್‌ಓವರನ್ನು ಮೂರೂವರೆ ಸಾವಿರ ಹರ್ಟ್ಸ್‌ಗೆ ಇಟ್ಟಿದ್ದೀಯ. ಅಷ್ಟು ಮೇಲಿನ ದನಿಯನ್ನು ದೊಡ್ಡದು ನೇರ ಮುಂದಕ್ಕಷ್ಟೇ ಎಸೆಯುತ್ತೆ, ಪಕ್ಕಕ್ಕೆ ಹರಡಲ್ಲ. ನಡುಮಧ್ಯದ ಕುರ್ಚಿಯಲ್ಲಿ ಕೂತ ದೊರೆಗೆ ಎಲ್ಲ ಸ್ಪಷ್ಟ, ಮೂಲೆಯಲ್ಲಿ ಕೂತವರಿಗೆ ಬರೀ ಗೊಣಗಾಟ. ನಿನ್ನೆ ನಾನು ಅಲ್ಲಿ ಕೂತೆ, ನನ್ನ ಕಿವಿಯೂ ಹೋಯಿತು!

ಬೆಳಿಗ್ಗೆ ಕಾಯಿಲ್, ಕೆಪಾಸಿಟರ್ ಬದಲಿಸಿ ಎರಡು ಸಾವಿರಕ್ಕೆ ಇಳಿಸಿದೆ. ಅದೇ ಮೂಲೆಯಿಂದ ಅಮ್ಮ ವಾರ್ತೆಯನ್ನು ಅಕ್ಷರ ಬಿಡದೆ ಒಪ್ಪಿಸಿದಳು.

ವಾಲ್ಯೂಮ್ ಜಾಸ್ತಿ ಕೊಡಬೇಡ, ಈಗ ಚಿಕ್ಕ ಸ್ಪೀಕರಿನ ಮೇಲೆ ಹೊರೆ ಹೆಚ್ಚು, ಸುಟ್ಟುಹೋದೀತು.

"ನಿನಗೆ ಕಿವುಡು" ಅಂದಿದ್ದೆಯಲ್ಲ, ಅಮ್ಮನ ಹತ್ತಿರ ಹೋಗಿ ತಪ್ಪಾಯಿತು ಅನ್ನು. ಮೆಲ್ಲಗೆ ಹೇಳಿದರೂ ಸಾಕು, ಅವಳಿಗೆ ಕೇಳುತ್ತೆ.

ಅಕ್ಕ