ನನ್ನ ಕಿಡ್ನಿಯನ್ನು ಹೊಗಳಬೇಡ, ಈರಜ್

ಶೀರಾಜ್, ಬುಧವಾರ ಮಧ್ಯಾಹ್ನ

ನನ್ನ ಎಡ ಕಿಡ್ನಿಯ ಈಗಿನ ಯಜಮಾನನೂ ನನ್ನ ಒಬ್ಬನೇ ತಮ್ಮನೂ ಆದ ಈರಜ್‌ಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ "ನಿಮ್ಮ ನೆರಳಲ್ಲಿ ಸುಖವಾಗಿದ್ದೀನಿ" ಅನ್ನುತ್ತೀಯ. ಅದು ಸುಳ್ಳೆಂದು ನಿನಗೂ ಗೊತ್ತು, ನನಗೂ ಗೊತ್ತು. ಎರಡು ಬೀದಿಯಾಚೆ ಇರುವ ತಮ್ಮನಿಗೆ ಕಾಗದ ಬರೆಯುವ ಗತಿ ಬಂತಲ್ಲ ಎಂದು ತಲೆ ಚಚ್ಚಿಕೊಳ್ಳುವ ಹಾಗಾಗಿದೆ. ಏನು ಮಾಡಲಿ? ಫೋನ್ ಮಾಡಿದರೆ ನನ್ನ ಆರೋಗ್ಯ, ನನ್ನ ಗಂಡನ ಆರೋಗ್ಯ, ನನ್ನ ಅಂಗಡಿಗೆ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬರುವ ಹೆಂಗಸರ ಆರೋಗ್ಯ ಎಲ್ಲ ವಿಚಾರಿಸಿ ಮುಗಿಸುವಷ್ಟರಲ್ಲಿ ನಾನು ಹೇಳಬೇಕಾದದ್ದೇ ಮರೆತುಹೋಗಿರುತ್ತದೆ. ಮನೆಗೇ ಬಂದರೆ ಎದ್ದು ನಿಂತು, ಒಳ್ಳೆಯ ಜಾಗದಲ್ಲಿ ಕೂರಿಸಿ, ಸೌತೆಕಾಯಿ ಸುಲಿದು ತಟ್ಟೆಗಿಟ್ಟು ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದದ ಮಧ್ಯೆ ಮಾತ್ರ ನೀನು ಬಾಯಿ ಹಾಕಲಾರೆ. ಇದನ್ನು ಮಹನೂಷ್ ಕೈಯಲ್ಲಿ ಕಳಿಸುತ್ತಿದ್ದೇನೆ. ಎದುರಿಗೆ ಕೂತು ಕೊನೆಯ ಸಾಲಿನವರೆಗೂ ಓದಿಸುವುದಾಗಿ ನಿನ್ನ ಹೆಂಡತಿ ಮಾತು ಕೊಟ್ಟಿದ್ದಾಳೆ.

ಮೊದಲು ಶುಕ್ರವಾರದ ವಿಚಾರ. ಆಪರೇಷನ್ ಆಗಿ ಎಂಟು ತಿಂಗಳಾದರೂ ನಮ್ಮ ಬಳಗ ನಿನ್ನನ್ನು ಊಟಕ್ಕೆ ಕರೆಯುವುದನ್ನು ಬಿಟ್ಟಿಲ್ಲ, ನೀನು ಹೋಗುವುದನ್ನೂ ಬಿಟ್ಟಿಲ್ಲ. ಅಖ್ತರ್ ಚಿಕ್ಕಮ್ಮ ನಿನ್ನ ಮೀನಿನ ಮೇಲೆ ಕಹಿ ಕಿತ್ತಳೆ ಹಿಂಡಿದಳು. ಒಂದು ಹೋಳು ಮುಗಿದ ಮೇಲೆ ಇನ್ನೊಂದು. "ನಮ್ಮನೆ ಗಿಡದ್ದು ಕಣೋ, ನಿನಗೋಸ್ಕರ ಅಂತಲೇ ಕಿತ್ತಿದ್ದು" ಅಂದಳು. ನಾನು ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿದೆ. ನೀನು ನನ್ನ ಕಡೆ ನೋಡಿ ನಕ್ಕು, "ನಿಮ್ಮ ಕೈಗೆ ನೋವಾಗದಿರ್ಲಿ ಚಿಕ್ಕಮ್ಮ" ಅಂತ ಉಪಕಾರ ಸ್ಮರಿಸಿ ತಟ್ಟೆ ನೆಕ್ಕಿ ಮುಗಿಸಿದೆ. ಕಿತ್ತಳೆಯ ಮುರಬ್ಬದ ಒಂದು ದೊಡ್ಡ ಜಾಡಿಯನ್ನೂ ಕಂಕುಳಲ್ಲಿಟ್ಟುಕೊಂಡು ಹೊರಟೆ. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರ್ ತಾಬಂದೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ನೆನಪಿದೆಯೋ ಇಲ್ಲವೋ? ಆ ರಸ ಹೊಟ್ಟೆಗೆ ಹೋದರೆ ದಿನದ ಮಾತ್ರೆಯೇ ರಕ್ತದಲ್ಲಿ ಮಿತಿ ಮೀರಿ ಏರಬಹುದು, ಏರಿದರೆ ಕಿಡ್ನಿಯನ್ನು ಕಾಯಬೇಕಾದ ಮಾತ್ರೆಯೇ ಕಿಡ್ನಿಯನ್ನು ತಿನ್ನುತ್ತದೆ ಎಂದರು. ನೀನು ಆವತ್ತು ಎದೆಯ ಮೇಲೆ ಕೈಯಿಟ್ಟು "ನಿಮ್ಮ ಮಾತು ನನ್ನ ಕಣ್ಣ ಮೇಲೆ" ಅಂದಿದ್ದೆ. ಕಣ್ಣ ಮೇಲೆ ಇಟ್ಟುಕೊಂಡದ್ದು ಕಿವಿಗೆ ಇಳಿಯಲೇ ಇಲ್ಲ.

ಊಟ ಮುಗಿದು ಚಹಾ ಬಂತು, ಚಹಾ ಮುಗಿದು ದಾಳಿಂಬೆ ಬಂತು, ಕತ್ತಲಾದ ಮೇಲೆ ನೂಡಲ್ಸ್ ಸಾರೂ ಬಂತು. ಮಾತ್ರೆಯ ಹೊತ್ತು ಬಂದು ಹೋಯಿತು. ಡಬ್ಬಿ ನಿನ್ನ ಕೋಟಿನ ಜೇಬಿನಲ್ಲೇ ಇತ್ತು. "ತೆಗೆಯೋ" ಅಂತ ಕಿವಿಯಲ್ಲಿ ಹೇಳಿದೆ. "ಅವರ ಊಟದ ಮುಂದೆ ಔಷಧಿ ತೆಗೆದ್ರೆ ಬೇಜಾರು ಮಾಡ್ಕೋತಾರೆ" ಅಂದೆ. ಹೀಗೆ ರಕ್ತದಲ್ಲಿ ಔಷಧಿ ಒಂದು ಹೊತ್ತು ಏರುತ್ತದೆ, ಇನ್ನೊಂದು ಹೊತ್ತು ಇಳಿಯುತ್ತದೆ. ಏರಿದರೆ ವಿಷ, ಇಳಿದರೆ ನಿನ್ನ ಮೈ ನನ್ನ ಕಿಡ್ನಿಯನ್ನು ಪರಕೀಯ ಎಂದು ಒದ್ದೋಡಿಸಲು ಏಳುತ್ತದೆ. ನೀನು ಹಿಡಿದ ಚಹಾದ ಲೋಟ ತಟ್ಟೆಯ ಮೇಲೆ ಟಕಟಕ ಅಂದದ್ದನ್ನು ಎಲ್ಲರೂ ಕೇಳಿದರು. "ಚಹಾ ಬಿಸಿ ಜಾಸ್ತಿ" ಅಂದೆಯಲ್ಲ ಮಾರಾಯ, ಅದು ಆರಿ ಎಷ್ಟು ಹೊತ್ತಾಗಿತ್ತು!

ಮರುದಿನ ಶನಿವಾರ ಡಾಕ್ಟರ ಮುಂದೆ ನೀನು ಆಡಿದ ನಾಟಕ ನೋಡಿ ನನಗೆ ಎದ್ದು ಕಿರುಚಬೇಕು ಅನ್ನಿಸಿತ್ತು. ಅವರು ರಕ್ತದ ವರದಿ ಹಿಡಿದು ಹುಬ್ಬು ಗಂಟಿಕ್ಕಿದ್ದರು. ಔಷಧಿಯ ಮಟ್ಟ ಉಯ್ಯಾಲೆಯ ಹಾಗೆ ಆಡುತ್ತಿದೆ, ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತಿದೆ ಎಂದರು.

"ಮಾತ್ರೆ ಹೊತ್ತಿಗೆ ಸರಿಯಾಗಿ ತಗೋತಿದ್ದೀರಾ ಈರಜ್?"

"ನಿಮ್ಮ ಮಾತು ಮೀರೋದುಂಟಾ ಡಾಕ್ಟರೇ!"

"ಕಹಿ ಕಿತ್ತಳೆ ಏನಾದ್ರೂ?"

"ಅದರ ಮುಖ ನೋಡಿ ಎಷ್ಟು ಕಾಲ ಆಯ್ತೋ."

"ಕೈ ನಡುಗುತ್ತಾ? ಮೂತ್ರ ಕಡಿಮೆ ಆಗಿದೆಯಾ?"

"ನಿಮ್ಮ ಕೈಗುಣ, ನಮ್ಮಕ್ಕನ ಕಿಡ್ನಿ. ವಜ್ರ ಡಾಕ್ಟರೇ, ವಜ್ರ!"

ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತುಕೊಂಡು ವಜ್ರ ಅನ್ನುತ್ತಿದ್ದೆ. ನಾನು "ಸುಳ್ಳು!" ಎಂದೆ. ನೀನು "ಅಕ್ಕನಿಗೆ ನನ್ನ ಮೇಲೆ ಪ್ರೀತಿ, ಸುಮ್ನೆ ಗಾಬರಿ ಆಗ್ತಾರೆ" ಅಂತ ನಕ್ಕು ನನ್ನ ಮಾತನ್ನೇ ಹಾರಿಸಿಬಿಟ್ಟೆ. ಪಾಪ, ಅವರು ಯಾರನ್ನು ನಂಬಬೇಕು? ಮುಂದಿನ ಶನಿವಾರವೂ ಹೀಗೇ ಇದ್ದರೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕಾಗುತ್ತದೆ, ತಡವಾದರೆ ಉಳಿಸಿಕೊಳ್ಳುವುದು ಕಷ್ಟ ಎಂದರು. ನೀನು ಅದಕ್ಕೂ ಧನ್ಯವಾದ ಹೇಳಿ, ಬಾಗಿಲಲ್ಲಿ "ನೀವು ಮೊದಲು", "ಇಲ್ಲ ನೀವು ಮೊದಲು" ಅಂತ ನರ್ಸ್ ಜೊತೆ ಜಗ್ಗಾಡುತ್ತ ನಿಂತೆ.

ನನಗೆ ಉರಿಯುವುದು ಯಾಕೆ ಗೊತ್ತೇ? ನಮಗೆ ಸಿಕ್ಕಷ್ಟು ಅನುಕೂಲ ಯಾರಿಗೂ ಸಿಗುವುದಿಲ್ಲ. ರಕ್ತದ ಗುಂಪು ಒಂದೇ. ಅಂಗಾಂಶ ಅವಳಿಗಳ ಹಾಗೆ ಹೊಂದುತ್ತದೆ ಎಂದು ಡಾಕ್ಟರೇ ಬೆರಗಾದರು. ಹುಟ್ಟಿದಾಗಿನಿಂದ ಒಂದು ದಿನವೂ ಹೊಂದಿಕೊಳ್ಳದ ನಾವಿಬ್ಬರು! ಬದುಕಿರುವವಳ ಗಟ್ಟಿ ಕಿಡ್ನಿ, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗುವಷ್ಟೇ ದಾರಿ. ಆಸ್ಪತ್ರೆಯ ವರಾಂಡದಲ್ಲಿ ಸಿಗುವ ಆ ಬುಶೆಹರ್‌ನ ಮೀನುಗಾರನನ್ನು ನೋಡು. ಅವನದು ಸತ್ತವರ ಕಿಡ್ನಿ, ಎಷ್ಟೋ ಹೊತ್ತು ಮಂಜುಗಡ್ಡೆಯಲ್ಲಿ ಕಾದದ್ದು, ಹೊಂದಿಕೆಯೂ ಅರ್ಧಂಬರ್ಧ. ಆದರೆ ಅವನಿಗೆ ಮರ್ಯಾದೆ ಅನ್ನುವುದೇ ಗೊತ್ತಿಲ್ಲ. ಊಟಕ್ಕೆ ಕರೆದರೆ "ಬೇಡ, ಉಪ್ಪು ಸುರಿದಿರ್ತೀರ" ಅನ್ನುತ್ತಾನಂತೆ. "ಸಿಸ್ಟರ್, ಇವತ್ತು ಉಚ್ಚೆ ಸರಿಯಾಗಿ ಬಂದಿಲ್ಲ!" ಅಂತ ಮೂರು ಮಹಡಿಗೆ ಕೇಳುವ ಹಾಗೆ ಕೂಗುತ್ತಾನೆ. ಅವನ ವರದಿ ಪ್ರತಿ ಸಲವೂ ಚೆನ್ನಾಗಿರುತ್ತದೆ. ನಿನ್ನ ಹಾಗೆ ನಯವಾಗಿ ಬಟ್ಟೆ ಮಾರಲು ಅವನಿಗೆ ಬರುವುದಿಲ್ಲ, ಬದುಕಲು ಬರುತ್ತದೆ.

ಇಷ್ಟು ಬೈದು ಸುಮ್ಮನಾಗುತ್ತಿದ್ದೆ. ಆದರೆ ನಿನ್ನೆ ಮಹನೂಷ್ ಅಂಗಡಿಗೆ ಬಂದಳು. ಕೂದಲು ಕತ್ತರಿಸಿಕೊಳ್ಳುವ ನೆಪ. ಕನ್ನಡಿಯ ಮುಂದೆ ಕೂತವಳು ಅತ್ತುಬಿಟ್ಟಳು. ರಾತ್ರಿ ಕಾಲು ಊದಿಕೊಳ್ಳುತ್ತದೆ, ಅಂಗಿಯ ಗುಂಡಿ ಹಾಕಲೂ ನಿನಗೆ ಬೆರಳು ನಿಲ್ಲುವುದಿಲ್ಲ ಎಂದಳು. "ಡಾಕ್ಟರಿಗೆ ಹೇಳಿ ಅಂದ್ರೆ ಏನಂತಾರೆ ಗೊತ್ತಾ ಅತ್ತಿಗೆ? 'ಪಕ್ಕದಲ್ಲಿ ಅಕ್ಕ ಕೂತಿರ್ತಾಳೆ. ಅವಳು ಹೊಟ್ಟೆ ಕುಯ್ಸಿಕೊಂಡು ಕೊಟ್ಟಿದ್ದು. ಅದು ಸರಿಯಾಗಿ ನಡೀತಿಲ್ಲ ಅಂತ ಅವಳ ಮುಂದೇನೇ ಯಾವ ಬಾಯಲ್ಲಿ ಹೇಳ್ಲಿ?' ಅಂತಾರೆ."

ಕತ್ತರಿ ಕೆಳಗಿಟ್ಟು ಕೂತುಬಿಟ್ಟೆ, ಈರಜ್.

ಅಂದರೆ ಇದೆಲ್ಲ ನನ್ನ ಮೇಲಿನ ದಾಕ್ಷಿಣ್ಯ. ನಾನು ಹುಟ್ಟುಹಬ್ಬಕ್ಕೆ ಕೊಟ್ಟ ಸ್ವೆಟರ್ ಬಿಗಿಯಾಗಿದ್ದರೂ ಹಾಕಿಕೊಂಡು ಓಡಾಡುವ ಹಾಗೆ ನನ್ನ ಕಿಡ್ನಿಯನ್ನು ಇಟ್ಟುಕೊಂಡಿದ್ದೀಯ. ಅಯ್ಯೋ ಪೆದ್ದೇ! ಅದು ಉಡುಗೊರೆಯಲ್ಲ ಕಣೋ, ಮಾಂಸ. ಅದಕ್ಕೆ ನಿನ್ನ ಹೊಗಳಿಕೆ ಕೇಳಿಸುವುದಿಲ್ಲ. ಅದಕ್ಕೆ ನೀರು ಬೇಕು, ಹೊತ್ತಿಗೆ ಮಾತ್ರೆ ಬೇಕು, ಬಾಯಿ ಬಿಟ್ಟು ನಿಜ ಹೇಳುವ ಯಜಮಾನ ಬೇಕು.

ಇನ್ನೊಂದು ಮಾತು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಿಕ್ಕವನಿದ್ದಾಗ ನಾನು ಮಾಡಿದ ಸಾರನ್ನು ಮೂಸಿ "ಇದನ್ನ ಕತ್ತೆ ಕೂಡ ಮುಟ್ಟಲ್ಲ ತೂಬಾ" ಅನ್ನುತ್ತಿದ್ದವನು ನೀನು. ನಾನು ಗಣಿತದಲ್ಲಿ ಫೇಲಾದದ್ದನ್ನು ಮಾಳಿಗೆಯ ಮೇಲೆ ನಿಂತು ಓಣಿಗೆಲ್ಲ ಸಾರಿದವನು. ಮದುವೆಯ ದಿನ "ಮೂಗು ಒಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ" ಅಂದವನು. ಡಯಾಲಿಸಿಸ್‌ನ ಎರಡು ವರ್ಷವೂ ಸೂಜಿ ಚುಚ್ಚಿಸಿಕೊಳ್ಳುತ್ತಲೇ ನನ್ನ ಜೊತೆ ಜಗಳವಾಡಿದೆ. ಆಪರೇಷನ್ ಆದ ಮೇಲೆ ಒಂದು ಸಲವೂ ಬೈದಿಲ್ಲ. "ನೀವು" ಅನ್ನುತ್ತೀಯ, ಕೈಗೆ ಮುತ್ತಿಡುತ್ತೀಯ, ನಾನು ಬಂದರೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತೀಯ. ನಾನು ಕಿಡ್ನಿ ಕೊಟ್ಟದ್ದು ಒಬ್ಬ ತಮ್ಮ ಉಳಿಯಲಿ ಎಂದು. ಕಿಡ್ನಿಯೂ ಹೋಯಿತು, ತಮ್ಮನೂ ಹೋದ, ಅವನ ಜಾಗದಲ್ಲಿ ಒಬ್ಬ ಸಭ್ಯ ಗೃಹಸ್ಥ ಬಂದು ಕೂತಿದ್ದಾನೆ. ಅವನನ್ನು ಕಂಡರೆ ನನಗಾಗುವುದಿಲ್ಲ.

ಆದ್ದರಿಂದ ಈ ಶನಿವಾರ ನಾನು ಆಸ್ಪತ್ರೆಗೆ ಬರುವುದಿಲ್ಲ. ಪ್ರತಿ ಸಲ ಪಕ್ಕದಲ್ಲಿ ಕೂತು ನಿನಗೆ ಬಲ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ, ಬಾಯಿ ಕಟ್ಟುತ್ತಿದ್ದೆ ಎಂದು ಗೊತ್ತಿರಲಿಲ್ಲ. ನಾನು ಅಂಗಡಿಯಲ್ಲಿರುತ್ತೇನೆ. ನೀನು ಒಬ್ಬನೇ ಹೋಗು. ಕೈಗಳನ್ನು ಮೇಜಿನ ಮೇಲಿಡು, ನಡುಗಲಿ, ಅವರು ನೋಡಲಿ. ಮೀನು, ಮುರಬ್ಬ, ತಪ್ಪಿದ ಮಾತ್ರೆ, ಊದಿದ ಕಾಲು ಎಲ್ಲ ಹೇಳು. ನನ್ನ ಕಿಡ್ನಿಯ ಮೇಲೆ ಬಾಯಿಗೆ ಬಂದಂತೆ ದೂರು ಹೇಳು. ಕೆಟ್ಟದ್ದು ಅನ್ನು, ಸೋಮಾರಿ ಅನ್ನು, ಅಕ್ಕನ ಹಾಗೇ ಹಟಮಾರಿ ಅನ್ನು. ಡಾಕ್ಟರು ಏನೆಂದರು ಎಂದು ಹೊರಗೆ ಬಂದು ಫೋನ್ ಮಾಡು, ಯಾರ ಆರೋಗ್ಯವನ್ನೂ ವಿಚಾರಿಸಬೇಡ. ನನ್ನ ಹತ್ತಿರ ಉಳಿದಿರುವುದು ಒಂದೇ ಕಿಡ್ನಿ ಈರಜ್, ಅದನ್ನು ಯಾರಿಗೂ ಕೊಡಲಾರೆ. ಉಳಿದಿರುವ ತಮ್ಮನೂ ಒಬ್ಬನೇ.

ದೇವರು ನಿನ್ನ ನಾಲಿಗೆಗೆ ಒಂದಿಷ್ಟು ಒರಟುತನ ಕೊಟ್ಟು ನೂರು ವರ್ಷ ಇಟ್ಟಿರಲಿ.

ನಿನ್ನಿಂದ ಬೈಸಿಕೊಳ್ಳಲು ಕಾದಿರುವ,
ನಿನ್ನ ಅಕ್ಕ ತೂಬಾ