ಮುಂದಿನ ಹಲಗೆ

ಮಾರ್ಚ್ ೯, ಭಾನುವಾರ.

ಅಪ್ಪ ತೀರಿಕೊಂಡ ಮೇಲೆ ಇಂದು ಮೊದಲ ಬಾರಿಗೆ ಅವರ ಮೋಟಾರು ದೋಣಿಯನ್ನು ಒಬ್ಬಳೇ ನಡೆಸಿದೆ. ನನ್ನಿಂದಾಗದಿದ್ದರೆ ಮಾರಿಬಿಡುವುದೆಂದು ಅಮ್ಮನ ತೀರ್ಮಾನ. ವೇಗ ಹೆಚ್ಚಿಸಿದೊಡನೆ ದೋಣಿಯ ಮೂತಿ ಎದ್ದೆದ್ದು ಬೀಳತೊಡಗಿತು. ಎಂಜಿನ್ನಿನ ಓರೆಯನ್ನು ಮೂರು ಸಲ ಲೆಕ್ಕ ಹಾಕಿ ತಿದ್ದಿದರೂ ಆ ಕುಪ್ಪಳಿಕೆ ನಿಲ್ಲಲಿಲ್ಲ.

ದಡದಲ್ಲಿ ಚಿಕ್ಕಪ್ಪ ನಕ್ಕರು. "ಕ್ಲಾಸಿಗೇ ಫಸ್ಟು, ಕಪ್ಪೆ ಸವಾರಿ ಮಾಡ್ತಿದೀಯಲ್ಲೇ! ಭಾರವೆಲ್ಲ ಹಿಂದಿದೆ. ಅಣ್ಣ ನಿನ್ನನ್ನ ಮುಂದೆ ಸುಮ್ನೆ ಕೂರಿಸ್ತಿದ್ನಾ?"

"ಮುಂದಿನ ಹಲಗೆ ನನ್ನ ರಾಣಿಗೆ" ಎನ್ನುತ್ತಿದ್ದರು ಅಪ್ಪ. ಅದು ಸಿಂಹಾಸನವೆಂದೇ ನಂಬಿ ಹನ್ನೆರಡು ವರ್ಷ ಬೀಗಿದ್ದೆ.

ಅಲ್ಲಿ ಮರಳಿನ ಮೂಟೆಯಿಟ್ಟೆ. ಬೆಣ್ಣೆಯಿಂದ ಕೂದಲೆಳೆದಂತೆ ದೋಣಿ ಓಡಿತು. ಮಾರದಿರಲು ಅಮ್ಮ ಒಪ್ಪಿದರು.

ಆಗೆಲ್ಲ ನಾನು ಹಿಂದಿರುಗಿ ನೋಡಿದರೆ ಅಪ್ಪ ಎಂಜಿನ್ನಿನ ಹಿಡಿಕೆ ಹಿಡಿದು ನಗುತ್ತಿದ್ದರು. ಇಂದು ಹಿಡಿಕೆ ನನ್ನ ಕೈಯಲ್ಲಿತ್ತು. ಮೂಟೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.